268 ಯಾರದ್ದು?

ಹೋದ ತಿಂಗಳು ಐರೋಲಿಯ ನಮ್ಮ ಆಫೀಸಿನಲ್ಲಿ ಹೊಸದಾಗಿ ಸೇರಿದ ಹುಡುಗನೊಬ್ಬ ತಾನು ಬರೆದ ಕೋಡನ್ನು ತೋರಿಸಲು ನನ್ನ ಮೇಜಿನ ಹತ್ತಿರ ಬಂದ. ಕಲಬುರಗಿ ಕಡೆಯವನು, ಚುರುಕಿನ ಹುಡುಗ. ಕೆಲಸ ಸಣ್ಣದು. ಗ್ರಾಹಕನೊಬ್ಬನ ವಿವರವನ್ನು ಡೇಟಾಬೇಸಿಗೆ ಸೇರಿಸಬೇಕು. ಡೇಟಾಬೇಸು ಆ ಹೊಸ ಸಾಲಿಗೆ ತಾನಾಗಿಯೇ ಒಂದು ನಂಬರು ಕೊಡುತ್ತದೆ. ಆ ನಂಬರನ್ನು ವಾಪಸು ಪಡೆದು ಮುಂದಿನ ಕೆಲಸಕ್ಕೆ ಬಳಸಬೇಕು. ಅವನು ನಂಬರು ಪಡೆದ ಬಗೆ ಹೀಗಿತ್ತು: ಸಾಲು ಸೇರಿಸಿದ ಮೇಲೆ, ಈ ಟೇಬಲಿನಲ್ಲಿ ಈಗಿರುವ ಅತಿ ದೊಡ್ಡ ನಂಬರು ಯಾವುದು ಎಂದು ಕೇಳುವುದು. ಕೊನೆಗೆ ಸೇರಿಸಿದವನು ನಾನೇ ತಾನೇ, ಹಾಗಾದರೆ ದೊಡ್ಡ ನಂಬರು ನನ್ನದೇ.

"ಇದು ಬೇಡ, ಬದಲಿಸು" ಎಂದೆ.

"ಯಾಕ್ರೀ ಸರ್? ಟೆಸ್ಟಿಂಗ್‌ನ್ಯಾಗ ಎಲ್ಲಾ ಸರಿ ಬಂದದಲ್ರೀ. ಮುನ್ನೂರು ಸಲ ಓಡ್ಸೀನಿ."

ಎರಡು ಮಾತಿನಲ್ಲಿ ಉತ್ತರ ಹೇಳಿ ಕಳಿಸಬಹುದಿತ್ತು. ನನ್ನಿಂದ ಆಗಲಿಲ್ಲ. ನಾಳೆ ಕೂತು ಮಾತಾಡೋಣ ಎಂದು ಹೇಳಿ, ಸಂಜೆ ಐರೋಲಿಯಿಂದ ಥಾಣೆಗೆ, ಥಾಣೆಯಿಂದ ಡೊಂಬಿವಲಿಗೆ ಎಂದಿನಂತೆ ಎರಡು ಲೋಕಲ್ ಹಿಡಿದು ಮನೆಗೆ ಬಂದೆ. ದಾರಿಯುದ್ದಕ್ಕೂ ಅವನ ಮಾತೇ ಕಿವಿಯಲ್ಲಿತ್ತು. ಇಪ್ಪತ್ತು ವರ್ಷಗಳ ಹಿಂದೆ ಅದೇ ಮಾತನ್ನು ನಾನೂ ಆಡಿದ್ದೆ. ನಾನಂತೂ ಟೆಸ್ಟಿಂಗಿನಲ್ಲಿ ಮಾತ್ರವಲ್ಲ, ಎರಡು ವರ್ಷ ಸರಿಯಾಗಿ ನಡೆದ ಪ್ರೋಗ್ರಾಮನ್ನು ಮುಂದಿಟ್ಟುಕೊಂಡು ಆಡಿದ್ದೆ.

ನಮ್ಮ ಅಪ್ಪ ಕುಂದಾಪುರದ ಕಡೆಯಿಂದ ಹುಡುಗನಾಗಿದ್ದಾಗಲೇ ಬಂದವರು. ಥಾಣೆ ಸ್ಟೇಷನ್ ಹತ್ತಿರದ ಹೋಟೆಲೊಂದರಲ್ಲಿ ಲೋಟ ತೊಳೆಯುವುದರಿಂದ ಶುರುಮಾಡಿ, ರಾತ್ರಿ ಶಾಲೆಯಲ್ಲಿ ಓದಿ, ಕೊನೆಗೆ ಕ್ಯಾಶ್ ಕೌಂಟರಿನಲ್ಲಿ ಕೂತು ನಿವೃತ್ತರಾದರು. ಥಾಣೆಯಲ್ಲಿ ಮನೆ ಕೊಳ್ಳುವಷ್ಟು ಕೈ ಗಟ್ಟಿಯಿಲ್ಲದ ನಮ್ಮಂಥ ಎಷ್ಟೋ ಮನೆಗಳ ಹಾಗೆ ನಾವೂ ಡೊಂಬಿವಲಿ ಪೂರ್ವಕ್ಕೆ ಬಂದು ನೆಲೆಸಿದೆವು. ನಾನು ಕಂಪ್ಯೂಟರ್ ಡಿಪ್ಲೊಮಾ ಮುಗಿಸಿ ಥಾಣೆಯ ಒಂದು ಸಣ್ಣ ಕಂಪನಿಗೆ ಸೇರಿದೆ. ಒಂದು ಕೋಣೆ, ನಾಲ್ಕು ಜನ. ಮೆಡಿಕಲ್ ಅಂಗಡಿ, ಕೋಚಿಂಗ್ ಕ್ಲಾಸು, ಹಂಚಿನ ವ್ಯಾಪಾರಿ, ಯಾರು ಕೇಳಿದರೂ ಪ್ರೋಗ್ರಾಮು ಬರೆದುಕೊಡುತ್ತಿದ್ದೆವು. 2003ರಲ್ಲಿ ಡೊಂಬಿವಲಿಯದೇ ಒಂದು ರಕ್ತ ಪರೀಕ್ಷೆಯ ಲ್ಯಾಬು ನಮ್ಮಲ್ಲಿಗೆ ಬಂತು. ನಮ್ಮೂರಿನವನು ಎಂದು ಆ ಕೆಲಸ ನನ್ನ ಪಾಲಿಗೆ ಬಂತು. ವಿಷುವಲ್ ಬೇಸಿಕ್ ಮತ್ತು ಎಸ್‌ಕ್ಯೂಎಲ್ ಸರ್ವರ್ ಬಳಸಿ ಬರೆದೆ.

ಪ್ರೋಗ್ರಾಮು ಮಾಡಬೇಕಾದದ್ದು ಇಷ್ಟು. ಬಂದವರ ಹೆಸರು, ವಯಸ್ಸು, ವಿಳಾಸ ಬರೆದುಕೊಳ್ಳುವುದು. ಇದು ನೋಂದಣಿಯ ಟೇಬಲಿನಲ್ಲಿ ಒಂದು ಸಾಲು. ಅದಕ್ಕೆ ಡೇಟಾಬೇಸು ಒಂದು ನಂಬರು ಕೊಡುತ್ತದೆ. ಆಮೇಲೆ ಅವರಿಗೆ ಯಾವ ಯಾವ ಪರೀಕ್ಷೆ ಎಂಬುದನ್ನು ಇನ್ನೊಂದು ಟೇಬಲಿನಲ್ಲಿ, ಅದೇ ನಂಬರಿನ ಕೆಳಗೆ ಬರೆಯುವುದು. ಅದೇ ನಂಬರಿನ ಒಂದು ರಸೀದಿ, ಅದೇ ನಂಬರಿನ ಒಂದು ಸಣ್ಣ ಚೀಟಿ ಪ್ರಿಂಟ್ ಆಗಬೇಕು. ಚೀಟಿಯನ್ನು ರಕ್ತದ ಟ್ಯೂಬಿಗೆ ಅಂಟಿಸುತ್ತಾರೆ. ಚೀಟಿಯ ಮೇಲೆ ಹೆಸರೂ ಇರಲಿ ಎಂದು ಲ್ಯಾಬಿನವರು ಕೇಳಿದ್ದರು. ಜಾಗ ಸಾಲುವುದಿಲ್ಲ, ನಂಬರಿದ್ದರೆ ಸಾಕು, ಕಂಪ್ಯೂಟರಿಗೆ ಹೆಸರು ಬೇಕಾಗಿಲ್ಲ ಎಂದು ಒಪ್ಪಿಸಿದವನು ನಾನೇ.

ನಂಬರನ್ನು ವಾಪಸು ಪಡೆಯಲು ನಾನು ಬರೆದದ್ದು ಆ ಹುಡುಗ ಬರೆದದ್ದನ್ನೇ: ಅತಿ ದೊಡ್ಡದು ಯಾವುದು? ಅದರ ಜೊತೆಗೆ ಒಂದು ಉಪಚಾರವನ್ನೂ ಸೇರಿಸಿದ್ದೆ. ಸಾಲು ಉಳಿದ ಕೂಡಲೇ ಪರದೆಯ ಮೇಲೆ "ನೋಂದಣಿ ಆಯಿತು" ಎಂಬ ಸಣ್ಣ ಪೆಟ್ಟಿಗೆ ಬರುತ್ತಿತ್ತು. ಕೌಂಟರಿನವರು ಓಕೆ ಒತ್ತಿದ ಮೇಲೆ ಮುಂದಿನ ಕೆಲಸ: ದೊಡ್ಡ ನಂಬರು ಕೇಳುವುದು, ಪರೀಕ್ಷೆಗಳನ್ನು ಬರೆಯುವುದು, ಚೀಟಿ ಪ್ರಿಂಟ್ ಮಾಡುವುದು.

ಕೌಂಟರಿನಲ್ಲಿ ಒಂದೇ ಕಂಪ್ಯೂಟರು ಇದ್ದ ಎರಡು ವರ್ಷ ಒಂದೇ ಒಂದು ತಪ್ಪಾಗಲಿಲ್ಲ. ಆಗುವುದು ಸಾಧ್ಯವೂ ಇರಲಿಲ್ಲ. ಸೇರಿಸುವವನು ಒಬ್ಬನೇ ಆದಾಗ ಕೊನೆಯದು ಯಾವಾಗಲೂ ಅವನದೇ. 2005ರ ಜನವರಿಯಲ್ಲಿ ಲ್ಯಾಬಿನವರು ಎರಡನೆಯ ಕೌಂಟರು ಹಾಕಿದರು. ಬೆಳಗ್ಗೆ ಏಳರಿಂದ ಒಂಬತ್ತರವರೆಗೆ ಖಾಲಿ ಹೊಟ್ಟೆಯಲ್ಲಿ ಶುಗರ್ ಪರೀಕ್ಷೆಗೆ ಬರುವವರ ಸಾಲು ಮೆಟ್ಟಿಲು ದಾಟಿ ರಸ್ತೆಗೆ ಬರುತ್ತಿತ್ತು. ಚಹಾ ಕುಡಿಯದೆ ಬಂದವರ ತಾಳ್ಮೆ ನಿಮಗೆ ಗೊತ್ತೇ ಇದೆ. ನಾನು ಹೋಗಿ ಎರಡನೆಯ ಕಂಪ್ಯೂಟರಿಗೆ ಪ್ರೋಗ್ರಾಮು ಹಾಕಿ, ಎರಡರಲ್ಲೂ ಒಂದೊಂದು ನೋಂದಣಿ ಮಾಡಿ ನೋಡಿ, ಸರಿಯಿದೆ ಎಂದು ಚಹಾ ಕುಡಿದು ಬಂದೆ.

ಆ ವರ್ಷದ ಜೂನ್ ಮೊದಲ ವಾರದಲ್ಲಿ ನಮ್ಮ ಭಟ್ರಿಗೆ ಸಕ್ಕರೆ ಕಾಯಿಲೆ ಬಂತು.

ಭಟ್ರು ಎಂದರೆ ಅಪ್ಪನ ಹೋಟೆಲಿನಲ್ಲಿ ಅಡುಗೆ ಮಾಡುತ್ತಿದ್ದವರು, ಅವರೂ ನಿವೃತ್ತರಾಗಿ ಡೊಂಬಿವಲಿಯಲ್ಲೇ ಇದ್ದರು. ಅಪ್ಪನಿಗೆ ಈ ಊರಿನಲ್ಲಿ ಅವರಿಗಿಂತ ಹಳೆಯ ಗೆಳೆಯ ಇರಲಿಲ್ಲ. ಅವರ ರಿಪೋರ್ಟಿನಲ್ಲಿ ಖಾಲಿ ಹೊಟ್ಟೆಯ ಶುಗರ್ 268 ಎಂದಿತ್ತು. 126 ದಾಟಿದರೆ ಮಧುಮೇಹದ ಲೆಕ್ಕ. ಹಿಂದಿನ ವರ್ಷ ಅವರಿಗೆ 97 ಇತ್ತು. ಅವರ ಡಾಕ್ಟರು ಹಳೆಯ ಕಾಲದವರು, ಮನುಷ್ಯನನ್ನೂ ಕಾಗದವನ್ನೂ ಒಟ್ಟಿಗೆ ನೋಡುವವರು. ಬಾಯಾರಿಕೆ ಇದೆಯಾ, ರಾತ್ರಿ ಎಷ್ಟು ಸಲ ಏಳುತ್ತೀರಿ, ತೂಕ ಇಳಿದಿದೆಯಾ ಎಂದು ಕೇಳಿ, ಯಾವುದೂ ಇಲ್ಲವೆಂದಾಗ, ಮಾತ್ರೆ ಕೊಡದೆ ಇನ್ನೊಮ್ಮೆ ಬೇರೆ ಕಡೆ ಪರೀಕ್ಷೆ ಮಾಡಿಸಿ ಎಂದರು. ಅಲ್ಲಿ 101 ಬಂತು. ನಡುವಿನ ನಾಲ್ಕು ದಿನ ಭಟ್ರ ಮನೆಯಲ್ಲಿ ಬೆಲ್ಲದ ಡಬ್ಬ ನೆರೆಮನೆಗೆ ಹೋಗಿತ್ತು. ಜೀವಮಾನವಿಡೀ ಸಾವಿರಾರು ಜನರಿಗೆ ಶಿರಾ ಮಾಡಿ ಬಡಿಸಿದ ಮನುಷ್ಯ ಸಪ್ಪೆ ಚಹಾದ ಮುಂದೆ ಕೂತಿದ್ದರು.

ಅಪ್ಪ ಊಟದ ಹೊತ್ತಿನಲ್ಲಿ ಇದನ್ನು ಹೇಳಿದಾಗ ನಾನು ನಕ್ಕು, ಲ್ಯಾಬಿನವರು ಟ್ಯೂಬು ಅದಲು ಬದಲು ಮಾಡಿರಬೇಕು ಎಂದೆ. ಯಾವ ಲ್ಯಾಬು ಎಂದು ಕೇಳಿದ್ದು ಆಮೇಲೆ.

ಮರುದಿನ ಲ್ಯಾಬಿಗೆ ಹೋಗಿ ಭಟ್ರ ನಂಬರು ತೆಗೆದೆ. 4173. ಅದರ ಕೆಳಗೆ ಒಂದರ ಬದಲು ಎರಡು ಶುಗರ್ ಪರೀಕ್ಷೆಗಳಿದ್ದವು, ಒಂದರಲ್ಲಿ 99, ಇನ್ನೊಂದರಲ್ಲಿ 268. ಕೊನೆಗೆ ಬರೆದದ್ದನ್ನು ಪ್ರೋಗ್ರಾಮು ರಿಪೋರ್ಟಿನಲ್ಲಿ ಹಾಕಿತ್ತು. ಅದರ ಹಿಂದಿನ ಸಾಲು, 4172, ನೋಡಿದೆ. ಒಬ್ಬ ಹೆಂಗಸಿನ ಹೆಸರು, ವಯಸ್ಸು 46, ಕಲ್ಯಾಣದ ವಾಲ್ಧುನಿಯ ವಿಳಾಸ. ಅವರ ಕೆಳಗೆ ಒಂದು ಪರೀಕ್ಷೆಯೂ ಇಲ್ಲ. ದುಡ್ಡು ಮಾತ್ರ ತೆಗೆದುಕೊಂಡಿದೆ, ಒಂದು ಶುಗರ್ ಪರೀಕ್ಷೆಯಷ್ಟು.

ನಡೆದದ್ದು ಕಣ್ಣಿಗೆ ಕಟ್ಟಿದಂತೆ ಕಂಡಿತು. ಮೊದಲನೆಯ ಕೌಂಟರಿನಲ್ಲಿ ಆ ಹೆಂಗಸಿನ ನೋಂದಣಿ ಆಯಿತು, ಡೇಟಾಬೇಸು 4172 ಕೊಟ್ಟಿತು. ಪರದೆಯ ಮೇಲೆ ನನ್ನ ಉಪಚಾರದ ಪೆಟ್ಟಿಗೆ ಬಂದು ನಿಂತಿತು. ಕೌಂಟರಿನವನು ಚಿಲ್ಲರೆ ಹುಡುಕುತ್ತಿದ್ದ. ಅಷ್ಟರಲ್ಲಿ ಎರಡನೆಯ ಕೌಂಟರಿನಲ್ಲಿ ಭಟ್ರ ನೋಂದಣಿ ಆಯಿತು, 4173. ಅವರ ಚೀಟಿ ಸರಿಯಾಗಿಯೇ ಬಂತು. ಚಿಲ್ಲರೆ ಕೊಟ್ಟಾದ ಮೇಲೆ ಮೊದಲನೆಯವನು ಓಕೆ ಒತ್ತಿದ. ನನ್ನ ಪ್ರೋಗ್ರಾಮು ಆಗ ಕೇಳಿತು, ಅತಿ ದೊಡ್ಡ ನಂಬರು ಯಾವುದು? 4173 ಎಂದಿತು ಡೇಟಾಬೇಸು. ಅದು ಸುಳ್ಳು ಹೇಳಲಿಲ್ಲ. ಕೇಳಿದ ಪ್ರಶ್ನೆಗೆ ಸರಿಯಾದ ಉತ್ತರವನ್ನೇ ಕೊಟ್ಟಿತು. ಆ ಹೆಂಗಸಿನ ಟ್ಯೂಬಿಗೂ 4173ರ ಚೀಟಿ ಅಂಟಿತು. ಚೀಟಿಯ ಮೇಲೆ ಹೆಸರಿದ್ದಿದ್ದರೆ ಒಳಗಿನ ಹುಡುಗಿಯರು ಹಿಡಿಯುತ್ತಿದ್ದರು. ಹೆಸರು ಬೇಡ ಎಂದಿದ್ದೆನಲ್ಲ.

ಆ ಸಂಜೆ ಅಪ್ಪನ ಜೊತೆ ಭಟ್ರ ಮನೆಗೆ ಹೋಗಿ ಇದು ನನ್ನ ತಪ್ಪು ಎಂದು ಹೇಳಿದೆ. ಪೆಟ್ಟಿಗೆ, ಎರಡು ಕೌಂಟರು, ದೊಡ್ಡ ನಂಬರು ಎಲ್ಲವನ್ನೂ ವಿವರಿಸಿದೆ. ಅವರಿಗೆ ಎಷ್ಟು ಅರ್ಥವಾಯಿತೋ, ಬಯ್ಯಲಿಲ್ಲ.

"ಅಂದ್ರೆ ನಂಗೆ ಸಕ್ಕರೆ ಇಲ್ಲ ಅಂತಾಯ್ತಲ್ಲ" ಎಂದು ನಕ್ಕರು. ಒಳಗೆ ತಿರುಗಿ, "ಏ, ಎಲ್ಲರಿಗೂ ಸಕ್ಕರೆ ಹಾಕಿ ಚಾ ಮಾಡು" ಎಂದು ಹೆಂಡತಿಗೆ ಕೂಗಿದರು. ಚಹಾ ಬರುವವರೆಗೂ ಸುಮ್ಮನೆ ಕೂತಿದ್ದು, ಆಮೇಲೆ ಕೇಳಿದರು: "ಅಲ್ಲ ಮಾಣಿ, ಆ ಇನ್ನೂರರುವತ್ತೆಂಟು ಯಾರದ್ದು ಮತ್ತೆ?"

ನಾನು ಅಲ್ಲಿಯವರೆಗೆ ಭಟ್ರ ಬಗ್ಗೆ ಮಾತ್ರ ಯೋಚಿಸಿದ್ದೆ, ನಿಜ ಹೇಳಬೇಕೆಂದರೆ ನನ್ನ ಬಗ್ಗೆ. ಆ ಅಂಕಿಗೆ ಒಬ್ಬ ಮನುಷ್ಯಳಿದ್ದಾಳೆ, ಅದು ಅವಳ ರಕ್ತದ್ದು, ಅವಳಿಗೆ ಅದು ತಿಳಿದಿಲ್ಲ ಎಂಬುದನ್ನು ಅಡುಗೆಯವರೊಬ್ಬರು ಕೇಳಿ ತಿಳಿಸಬೇಕಾಯಿತು.

ಮಾರನೆಯ ದಿನ ಡೇಟಾಬೇಸಿಗೆ ಒಂದು ಪ್ರಶ್ನೆ ಬರೆದೆ: ನೋಂದಣಿ ಇದ್ದು ಪರೀಕ್ಷೆ ಇಲ್ಲದ ಸಾಲುಗಳು ಎಷ್ಟು? ಹನ್ನೊಂದು. ಎರಡನೆಯ ಕೌಂಟರು ಬಂದ ಮೇಲಿನ ಐದು ತಿಂಗಳಲ್ಲಿ ಹನ್ನೊಂದು ಸಲ. ಖಾಲಿ ಬಿದ್ದ ಪ್ರತಿ ಸಾಲಿನ ಮುಂದೆಯೇ ಇಬ್ಬರ ಪರೀಕ್ಷೆ ಹೊತ್ತ ಒಂದು ಸಾಲು. ಒಟ್ಟು ಇಪ್ಪತ್ತೆರಡು ಜನ. ಖಾಲಿ ಸಾಲಿನವರು ಬಂದು ಜಗಳ ಮಾಡಿದ್ದರಂತೆ. ಕಂಪ್ಯೂಟರಿನಲ್ಲಿ ಇಲ್ಲ ಎಂದು ಅವರ ರಕ್ತವನ್ನು ಪುಕ್ಕಟೆಯಾಗಿ ಇನ್ನೊಮ್ಮೆ ತೆಗೆದಿದ್ದರು. ಅದನ್ನು ಯಾರೂ ನನಗೆ ಹೇಳಿರಲಿಲ್ಲ, ಕೌಂಟರಿನ ಹುಡುಗರು ಮರೆತಿರಬೇಕು ಎಂದುಕೊಂಡಿದ್ದರು. ತಪ್ಪು ರಿಪೋರ್ಟು ಸಿಕ್ಕವರು ಮಾತ್ರ ಜಗಳ ಮಾಡಲಿಲ್ಲ. ಅವರ ಕೈಯಲ್ಲಿ ಅಚ್ಚುಕಟ್ಟಾದ ಕಾಗದವಿತ್ತು, ಅದರ ಮೇಲೆ ಅವರದೇ ಹೆಸರಿತ್ತು. ಏನೂ ಸಿಗದವನಿಗೆ ತಪ್ಪು ಗೊತ್ತಾಗುತ್ತದೆ, ಬೇರೆಯವರದ್ದು ಸಿಕ್ಕವನಿಗೆ ಗೊತ್ತಾಗುವುದೇ ಇಲ್ಲ.

ಲ್ಯಾಬಿನ ಡಾಕ್ಟರು ಮುಖ ಬಿಳಿಚಿಕೊಂಡು ಕೇಳಿಸಿಕೊಂಡರು. ಎಲ್ಲರನ್ನೂ ಕರೆಸಿ ಮತ್ತೆ ಪರೀಕ್ಷೆ ಮಾಡೋಣ ಎಂದರು. ನನ್ನ ಬಾಸು ಮಾತ್ರ, ಫೋನಿನಲ್ಲಿ ಪ್ರೋಗ್ರಾಮಿನ ತಪ್ಪು ಅನ್ನಬೇಡ, ಚೀಟಿ ಅದಲು ಬದಲಾಗಿದೆ ಅನ್ನು, ಅದೂ ನಿಜವೇ ತಾನೇ ಎಂದರು. ನಾನು ಹಾಗೆಯೇ ಹೇಳಿದೆ. ಎರಡು ದಿನ ಲ್ಯಾಬಿನ ಫೋನಿನ ಮುಂದೆ ಕೂತು ಮರಾಠಿ, ಹಿಂದಿ, ಒಂದೆರಡು ಕಡೆ ಕನ್ನಡದಲ್ಲಿ ಕ್ಷಮೆ ಕೇಳಿದೆ. ಒಬ್ಬೊಬ್ಬರಾಗಿ ಬಂದರು. ತಪ್ಪು ಓದಿನಿಂದ ಯಾರಿಗೂ ದೊಡ್ಡ ಅಪಾಯವಾಗಿರಲಿಲ್ಲ. ಇಪ್ಪತ್ತೊಂದು ಜನ ಸಿಕ್ಕರು.

ಸಿಗದವರು 4172. ಅವರು ಕೊಟ್ಟದ್ದು ಪಿ.ಪಿ. ನಂಬರು, ಪಕ್ಕದ ಮನೆಯವರ ಫೋನು. ಆ ಕಾಲದಲ್ಲಿ ಹಾಗೆ ಕೊಡುವುದು ರೂಢಿಯಿತ್ತು. ಎಷ್ಟು ಸಲ ಮಾಡಿದರೂ ಆ ಫೋನು ಎತ್ತಲಿಲ್ಲ. ಕೌಂಟರಿನ ಹುಡುಗನಿಗೆ ಅವರ ನೆನಪಿತ್ತು. ಡೊಂಬಿವಲಿಯ ಎರಡು ಮೂರು ಮನೆಗಳಲ್ಲಿ ಅಡುಗೆ ಕೆಲಸಕ್ಕೆ ಬರುವವರು. ಸಂಜೆ ರಸೀದಿ ಹಿಡಿದುಕೊಂಡು ಬಂದಿದ್ದರು. ರಸೀದಿಯಲ್ಲಿ 4173 ಎಂದಿತ್ತು, ಕಂಪ್ಯೂಟರಿನಲ್ಲಿ ಆ ನಂಬರಿಗೆ ಬೇರೆ ಹೆಸರು ತೋರಿಸಿತು. ನಾಳೆ ಬನ್ನಿ ಎಂದು ಕಳಿಸಿದ. ಅವರು ಮತ್ತೆ ಬರಲಿಲ್ಲ. ಇನ್ನೊಂದು ದಿನದ ಹೊತ್ತು ಅವರಲ್ಲಿ ಇರಲಿಲ್ಲವೇನೋ.

ವಿಳಾಸ ನನ್ನ ಹತ್ತಿರ ಇತ್ತು. ಡೊಂಬಿವಲಿಯಿಂದ ಕಲ್ಯಾಣಕ್ಕೆ ಠಾಕುರ್ಲಿ ಬಿಟ್ಟರೆ ಮುಂದಿನ ಸ್ಟೇಷನ್ನು. ಬರುವ ಭಾನುವಾರ ಹೋಗುತ್ತೇನೆ ಎಂದು ಡಾಕ್ಟರಿಗೆ ಹೇಳಿದೆ. ಆ ಭಾನುವಾರ ಮಳೆ. ಮುಂದಿನ ಭಾನುವಾರ ಬೇರೆ ಗಿರಾಕಿಯ ಕೆಲಸ. ಜುಲೈ 24ರಂದು ಚಪ್ಪಲಿ ಮೆಟ್ಟಿದ್ದೆ, ಅಷ್ಟರಲ್ಲಿ ಊರಿಂದ ದೊಡ್ಡಮ್ಮನ ಮಗ ಬಂದ. ಈ ಕಾರಣಗಳೆಲ್ಲ ನಿಜ. ಅಲ್ಲಿ ಹೋಗಿ ಏನು ಹೇಳಬೇಕೆಂದು ನನಗೆ ಹೆದರಿಕೆಯಿದ್ದದ್ದು ಅವಕ್ಕಿಂತ ದೊಡ್ಡ ನಿಜ.

ಜುಲೈ 26, ಮಂಗಳವಾರ. ಮುಂಬಯಿಯಲ್ಲಿದ್ದ ಯಾರಿಗೂ ಆ ತಾರೀಕನ್ನು ವಿವರಿಸಬೇಕಾಗಿಲ್ಲ. ಸಾಂತಾಕ್ರೂಜ್‌ನಲ್ಲಿ ಒಂದೇ ದಿನಕ್ಕೆ 944 ಮಿಲಿಮೀಟರ್ ಮಳೆ. ಪತ್ರಿಕೆಗಳು ಮುಂಬಯಿಯ ಬಗ್ಗೆಯೇ ಹೆಚ್ಚು ಬರೆದವು, ಆದರೆ ಕಲ್ಯಾಣ, ಉಲ್ಲಾಸನಗರ, ಬದ್ಲಾಪುರದ ಕಡೆಯೂ ನೀರು ಮನೆಗಳಿಗೆ ನುಗ್ಗಿತ್ತು. ವಾಲ್ಧುನಿ ಎಂಬುದು ಬಡಾವಣೆಯ ಹೆಸರಷ್ಟೇ ಅಲ್ಲ, ಅದರ ಪಕ್ಕ ಹರಿಯುವ ಹೊಳೆಯ ಹೆಸರೂ ಹೌದು.

ಆಗಸ್ಟ್ 7ರ ಭಾನುವಾರ ಹೋದೆ. ಕೆಸರು ಒಣಗಿ ಗೋಡೆಗಳ ಮೇಲೆ ಗೆರೆ ಬಿಟ್ಟಿತ್ತು, ನನ್ನ ಎದೆಗಿಂತ ಮೇಲೆ. ಚಾಳಿನ ಅರ್ಧ ಕೋಣೆಗಳಿಗೆ ಬೀಗ. ಹಾಸಿಗೆ, ಪಾತ್ರೆ, ಮಕ್ಕಳ ಪುಸ್ತಕಗಳನ್ನು ಬಿಸಿಲಿಗೆ ಹರಡಿದ್ದರು. ಹೆಸರು ಹೇಳಿ ಕೇಳಿದೆ. ಇದ್ದರು, ಮಗಳ ಮನೆಗೆ ಹೋದರು, ಕೋಣೆ ಬಿಟ್ಟರು ಎಂದರು. ಮಗಳ ಮನೆ ಎಲ್ಲಿ? ನಾಸಿಕದ ಕಡೆ ಎಂದರು ಒಬ್ಬರು, ಜಳಗಾಂವ್ ಎಂದರು ಇನ್ನೊಬ್ಬರು. ಮೂರನೆಯವರು, ನೀನು ಪಂಚನಾಮೆಗೆ ಬಂದವನಾ, ನಮ್ಮ ಹೆಸರು ಬರೆದುಕೊಂಡೆಯಾ ಎಂದು ಕೇಳಿದರು. ನನ್ನ ಕೈಯಲ್ಲಿದ್ದ ಚೀಟಿ ನೋಡಿ ಪರಿಹಾರದ ಪಟ್ಟಿ ಎಂದುಕೊಂಡಿದ್ದರು. ಚೀಟಿಯ ಹಿಂದೆ ಲ್ಯಾಬಿನ ಫೋನ್ ನಂಬರು, "ಶುಗರ್ 268, ಕೂಡಲೇ ಡಾಕ್ಟರಿಗೆ ತೋರಿಸಿ" ಎಂದು ಮರಾಠಿಯಲ್ಲಿ ಬರೆದು ಪಕ್ಕದ ಕೋಣೆಯವರ ಕೈಗೆ ಕೊಟ್ಟು ಬಂದೆ. ಲ್ಯಾಬಿಗೆ ಯಾವ ಫೋನೂ ಬರಲಿಲ್ಲ.

ಇನ್ನು ಪ್ರೋಗ್ರಾಮನ್ನು ತಿದ್ದಿದ ಕಥೆ. ಅದೂ ಒಂದೇ ಸಲಕ್ಕೆ ಆಗಲಿಲ್ಲ.

ಪೆಟ್ಟಿಗೆಯನ್ನು ಕಿತ್ತುಹಾಕಿದರೆ ಸಾಕು ಎಂಬುದು ಮೊದಲು ಹೊಳೆದದ್ದು. ಸೇರಿಸುವುದಕ್ಕೂ ಕೇಳುವುದಕ್ಕೂ ನಡುವಿನ ಹೊತ್ತು ಕಡಿಮೆಯಾದರೆ ತಪ್ಪು ಕಡಿಮೆಯಾಗುತ್ತದೆ, ಇಲ್ಲವಾಗುವುದಿಲ್ಲ. ಐದು ತಿಂಗಳಿಗೆ ಹನ್ನೊಂದು ಸಲ ಆಗುವುದು ಎರಡು ವರ್ಷಕ್ಕೊಮ್ಮೆ ಆಗುತ್ತದೆ, ಆಗ ಅದನ್ನು ಹಿಡಿಯುವವರೇ ಇರುವುದಿಲ್ಲ. ಬೇಕಾದದ್ದು ಬೇರೆ ಪ್ರಶ್ನೆ. ಟೇಬಲಿನಲ್ಲಿ ದೊಡ್ಡದು ಯಾವುದು ಎಂದಲ್ಲ, ನೀನು ನನಗೆ ಕೊಟ್ಟದ್ದು ಯಾವುದು ಎಂದು ಕೇಳಬೇಕು.

ಎಸ್‌ಕ್ಯೂಎಲ್ ಸರ್ವರಿನಲ್ಲಿ ಹಾಗೆ ಕೇಳಲು ಅಟ್ ಅಟ್ ಐಡೆಂಟಿಟಿ ಎಂಬುದೊಂದಿದೆ. ಈ ಸಂಪರ್ಕದಲ್ಲಿ ಕೊನೆಯದಾಗಿ ಹುಟ್ಟಿದ ನಂಬರು ಯಾವುದೆಂದು ಅದು ಹೇಳುತ್ತದೆ. ಒಂದು ಕೌಂಟರಿನ ಸಂಪರ್ಕ ಒಂದು, ಇನ್ನೊಂದರದ್ದು ಇನ್ನೊಂದು, ಆದ್ದರಿಂದ ಪಕ್ಕದವರ ನಂಬರು ನಮಗೆ ಬರುವುದಿಲ್ಲ. ಅದನ್ನೇ ಹಾಕಿದೆ. ಚೀಟಿಯ ಮೇಲೆ ಹೆಸರನ್ನೂ ಹಾಕಿದೆ. ಎಲ್ಲ ಸರಿಹೋಯಿತು ಎಂದುಕೊಂಡಿರುವಾಗ ಡಾಕ್ಟರು, ಇನ್ನು ಮುಂದೆ ಯಾರು ಯಾವಾಗ ಏನು ಬರೆದರು ಎಂಬುದರ ದಾಖಲೆ ಬೇಕು ಎಂದರು. ನ್ಯಾಯವಾದ ಬೇಡಿಕೆ. ನೋಂದಣಿ ಆದಾಗಲೆಲ್ಲ ತಾನಾಗಿ ಇನ್ನೊಂದು ಟೇಬಲಿಗೆ ಒಂದು ಸಾಲು ಬರೆಯುವ ಟ್ರಿಗರ್ ಒಂದನ್ನು ಸೇರಿಸಿದೆ. ಮರುದಿನ ಬೆಳಗ್ಗೆ ಏಳೂ ಕಾಲಿಗೆ ಫೋನು: ಚೀಟಿಯ ಮೇಲೆ ನಂಬರು 3 ಎಂದು ಬರುತ್ತಿದೆ!

ದಾಖಲೆಯ ಟೇಬಲಿಗೂ ಅದರದೇ ನಂಬರುಗಳಿದ್ದವು, ಒಂದರಿಂದ ಶುರು. ನಾನು ನೋಂದಣಿ ಸೇರಿಸಿದೆ, ಟ್ರಿಗರ್ ದಾಖಲೆ ಸೇರಿಸಿತು, ಈ ಸಂಪರ್ಕದಲ್ಲಿ ಕೊನೆಯದಾಗಿ ಹುಟ್ಟಿದ್ದು ದಾಖಲೆಯ ನಂಬರು. ಕೇಳಿದ ಪ್ರಶ್ನೆಗೆ ಡೇಟಾಬೇಸು ಮತ್ತೆ ಸರಿಯಾದ ಉತ್ತರವನ್ನೇ ಕೊಟ್ಟಿತ್ತು. ಎರಡು ಟೇಬಲುಗಳ ನಂಬರುಗಳು ಹತ್ತಿರ ಹತ್ತಿರ ಇದ್ದಿದ್ದರೆ ಇದು ಎಷ್ಟು ದಿನ ನಡೆಯುತ್ತಿತ್ತೋ. ಇದಕ್ಕಾಗಿಯೇ ಎಸ್‌ಕ್ಯೂಎಲ್ ಸರ್ವರ್ 2000ರಲ್ಲಿ ಸ್ಕೋಪ್ ಐಡೆಂಟಿಟಿ ಎಂಬುದನ್ನು ಕೊಟ್ಟಿದ್ದರು. ಅದು ಟ್ರಿಗರ್ ಹುಟ್ಟಿಸಿದ್ದನ್ನು ಬಿಟ್ಟು, ನನ್ನ ಆ ತುಣುಕು ಕೋಡಿನೊಳಗೆ ಹುಟ್ಟಿದ್ದನ್ನು ಮಾತ್ರ ಹೇಳುತ್ತದೆ. ನಾನು ಬಳಸುತ್ತಿದ್ದ ಡೇಟಾಬೇಸಿನ ಜೊತೆಗೇ ಬಂದಿತ್ತು. ಪುಸ್ತಕ ತೆರೆದಿದ್ದರೆ ಒಂದು ಪುಟದಲ್ಲಿ ಸಿಗುತ್ತಿತ್ತು.

ಅಪ್ಪನಿಗೆ ಇದನ್ನು ವಿವರಿಸಲು ಹೊರಟಾಗ ಅವರು ಹೋಟೆಲಿನ ಲೆಕ್ಕದಲ್ಲಿ ಹಿಡಿದುಕೊಂಡರು. ಅವರ ಹೋಟೆಲಿನಲ್ಲಿ ಪ್ರತಿ ವೇಟರಿಗೂ ಅವನದೇ ಬಿಲ್ ಬುಕ್ಕು. ಕ್ಯಾಶಿನ ಮೇಜಿನ ಮೇಲೆ ಮುಗಿದ ಬಿಲ್ಲುಗಳನ್ನು ಚುಚ್ಚುವ ಒಂದು ಮೊಳೆ. "ನೀ ಮಾಡಿದ್ದು ಎಂತ ಅಂದ್ರೆ, ಮೊಳೆಯ ಮೇಲಿನ ಬಿಲ್ಲನ್ನು ನೋಡಿ ಇದು ನಂದೇ ಅಂದದ್ದು. ಮಧ್ಯಾಹ್ನ ಮೂರು ಗಂಟೆಗೆ ಒಬ್ಬನೇ ವೇಟರು ಇರುವಾಗ ಸರಿ. ಊಟದ ಹೊತ್ತಿಗೆ?" ಎಂದರು. ನಾನು ಕಲಿತದ್ದರಲ್ಲಿ ಇದಕ್ಕಿಂತ ಒಳ್ಳೆಯ ವಿವರಣೆ ನನಗೆ ಇನ್ನೂ ಸಿಕ್ಕಿಲ್ಲ.

2006ರಲ್ಲಿ ನವಿ ಮುಂಬಯಿಯ ಮಹಾಪೆಯಲ್ಲಿ ದೊಡ್ಡ ಕೆಲಸ ಸಿಕ್ಕಿತು. ಥಾಣೆಯಿಂದ ವಾಶಿಗೆ ಲೋಕಲ್ ಶುರುವಾಗಿ ಆಗ ಎರಡು ವರ್ಷ. ಘನ್ಸೋಲಿಯಲ್ಲಿ ಇಳಿದು ರಿಕ್ಷಾ ಹಿಡಿಯುತ್ತಿದ್ದೆ. ಅಲ್ಲಿ ಒಂದರ ಮೇಲೊಂದು ಡೇಟಾಬೇಸುಗಳ ಪರಿಚಯವಾಯಿತು. ಎಲ್ಲಿಗೆ ಹೋದರೂ ಮೊದಲು ಹುಡುಕುತ್ತಿದ್ದದ್ದು ಇದೊಂದನ್ನೇ: ಇಲ್ಲಿ ನನ್ನ ನಂಬರನ್ನು ಹೇಗೆ ಕೇಳುವುದು?

ಒಬ್ಬೊಬ್ಬರದು ಒಂದೊಂದು ರೀತಿ. ಮೈಎಸ್‌ಕ್ಯೂಎಲ್‌ನಲ್ಲಿ ಲಾಸ್ಟ್ ಇನ್ಸರ್ಟ್ ಐಡಿ ಇದೆ. ಅದೂ ಸಂಪರ್ಕಕ್ಕೆ ಸೀಮಿತ, ಪಕ್ಕದವರದ್ದು ಬರುವುದಿಲ್ಲ. ಆದರೆ ಒಂದೇ ಏಟಿಗೆ ಹತ್ತು ಸಾಲು ಸೇರಿಸಿದರೆ ಅದು ಹತ್ತರಲ್ಲಿ ಮೊದಲನೆಯದರ ನಂಬರು ಹೇಳುತ್ತದೆ, ಕೊನೆಯದರದ್ದಲ್ಲ. ಆರಕಲ್ಲಿನಲ್ಲಿ ಬಹುಕಾಲ ನಂಬರು ತಾನಾಗಿ ಬರುವ ಕಾಲಮ್ಮೇ ಇರಲಿಲ್ಲ, ಅದು ಬಂದದ್ದು 2013ರ 12ಸಿಯಲ್ಲಿ. ಅದಕ್ಕೂ ಮೊದಲು ಸೀಕ್ವೆನ್ಸ್ ಎಂಬ ಗಿರಣಿಯಿಂದ ಮೊದಲೇ ಒಂದು ನಂಬರು ಪಡೆದು, ಅದನ್ನು ಕೈಯಲ್ಲಿ ಹಿಡಿದೇ ಸಾಲು ಸೇರಿಸುವುದು ಸಾಮಾನ್ಯ ಪದ್ಧತಿ. ಬ್ಯಾಂಕಿನಲ್ಲಿ ಟೋಕನ್ ಪಡೆದು ಸಾಲಿಗೆ ನಿಂತ ಹಾಗೆ. ಜಾವಾದವರು 2002ರಲ್ಲೇ ಜೆಡಿಬಿಸಿ 3.0ರಲ್ಲಿ, ಡೇಟಾಬೇಸು ಯಾವುದೇ ಇರಲಿ, ಹುಟ್ಟಿದ ನಂಬರನ್ನು ಕೇಳಲು ಒಂದೇ ಬಾಗಿಲು ಮಾಡಿಕೊಟ್ಟಿದ್ದರು. ನನಗೆ ಎಲ್ಲಕ್ಕಿಂತ ಹಿಡಿಸಿದ್ದು 2006ರ ಡಿಸೆಂಬರಿನಲ್ಲಿ ಬಂದ ಪೋಸ್ಟ್‌ಗ್ರೆಸ್ 8.2ರ ರಿಟರ್ನಿಂಗ್. ಸಾಲು ಸೇರಿಸು ಎನ್ನುವ ವಾಕ್ಯದ ಬಾಲದಲ್ಲೇ, ಸೇರಿಸಿದ್ದರ ನಂಬರು ಕೊಡು ಎಂದು ಬರೆಯಬಹುದು. ಸೇರಿಸುವುದೂ ಕೇಳುವುದೂ ಒಂದೇ ಮಾತು, ನಡುವೆ ಯಾರಿಗೂ ಜಾಗವಿಲ್ಲ. ಹತ್ತು ಸಾಲು ಸೇರಿಸಿದರೆ ಹತ್ತರ ನಂಬರೂ ಬರುತ್ತದೆ. ಎಸ್‌ಕ್ಯೂಎಲ್ ಸರ್ವರಿನಲ್ಲಿ 2005ರ ಆವೃತ್ತಿಯಿಂದ ಔಟ್‌ಪುಟ್ ಎಂಬುದು ಇದೇ ಕೆಲಸ ಮಾಡುತ್ತದೆ. ಮಾರಿಯಾಡಿಬಿಯಲ್ಲಿ ಇದು 2020ರಲ್ಲಿ ಬಂತು, ನಮ್ಮ ನಿಮ್ಮ ಫೋನಿನೊಳಗೆಲ್ಲ ಇರುವ ಎಸ್‌ಕ್ಯೂಲೈಟಿನಲ್ಲಿ 2021ರಲ್ಲಿ.

ಆಮೇಲೆ ಒಂದು ದಿನ ಎಡ್ಗರ್ ಕಾಡ್ 1970ರಲ್ಲಿ ಬರೆದ ಮೂಲ ಪ್ರಬಂಧವನ್ನು ಓದಲು ಕೂತೆ. ಈ ಟೇಬಲು, ಸಾಲುಗಳ ವ್ಯವಸ್ಥೆಗೆಲ್ಲ ಅಡಿಪಾಯ ಅದು. ಅವರು ಸಾಲುಗಳಿಗೆ ಕ್ರಮವನ್ನು ಇಟ್ಟೇ ಇಲ್ಲ. ಚೀಲದಲ್ಲಿ ಹಾಕಿದ ಗೋಲಿಗಳ ಹಾಗೆ, ಯಾವುದೂ ಮೊದಲಲ್ಲ, ಯಾವುದೂ ಕೊನೆಯಲ್ಲ. ನಾನು ಕೇಳುತ್ತಿದ್ದ ಕೊನೆಯ ಸಾಲು ಎಂಬುದು ಟೇಬಲಿನಲ್ಲಿ ಇರಲೇ ಇಲ್ಲ, ಅದು ನನ್ನ ತಲೆಯಲ್ಲಿತ್ತು. ಕೊನೆಯದು ಎಂದರೆ ಯಾರ ಕೊನೆಯದು ಎಂದು ಕೇಳಬೇಕಾಗುತ್ತದೆ.

ತಾನಾಗಿ ಬರುವ ನಂಬರಿನ ಬಗ್ಗೆ ಇನ್ನೊಂದು ತಪ್ಪು ತಿಳಿವಳಿಕೆಯೂ ಇದೆ, ಅದಕ್ಕೆ ಸಿಕ್ಕಿದ್ದು ನಮ್ಮ ಕನ್ನಡಿಗರ ಒಂದು ಸಂಘದಲ್ಲಿ. ದೇಣಿಗೆ ರಸೀದಿಗೆ ಪ್ರೋಗ್ರಾಮು ಮಾಡಿಕೊಟ್ಟಿದ್ದೆ, ಸಾಲಿನ ನಂಬರನ್ನೇ ರಸೀದಿಯ ನಂಬರಾಗಿ ಬಳಸಿದ್ದೆ. ವರ್ಷದ ಕೊನೆಗೆ ಲೆಕ್ಕ ತಪಾಸಣೆಯವರು 316 ಇದೆ, 318 ಇದೆ, 317 ಎಲ್ಲಿ, ಆ ದುಡ್ಡು ಎಲ್ಲಿ ಎಂದು ಕೇಳಿದರು. ಖಜಾಂಚಿಯವರು ಬೆವೆತುಹೋದರು. ದುಡ್ಡು ಬಂದೇ ಇರಲಿಲ್ಲ. ಡೇಟಾಬೇಸು 317ನ್ನು ಕೊಟ್ಟಿತ್ತು, ಆಮೇಲೆ ಏನೋ ಅಡಚಣೆಯಾಗಿ ಆ ನೋಂದಣಿ ರದ್ದಾಯಿತು. ಒಮ್ಮೆ ಕೊಟ್ಟ ನಂಬರನ್ನು ಅದು ಹಿಂದಕ್ಕೆ ಪಡೆಯುವುದಿಲ್ಲ. ಪಡೆಯಬೇಕೆಂದರೆ ಒಬ್ಬರದು ಮುಗಿಯುವವರೆಗೆ ಉಳಿದ ಎಲ್ಲರನ್ನೂ ಕಾಯಿಸಬೇಕಾಗುತ್ತದೆ. ಆ ನಂಬರು ಇಬ್ಬರಿಗೆ ಒಂದೇ ಆಗುವುದಿಲ್ಲ ಎಂದಷ್ಟೇ ಮಾತು ಕೊಡುತ್ತದೆ. ಎಣಿಕೆ, ಸರದಿ, ಲೆಕ್ಕ ಯಾವುದನ್ನೂ ಅದು ಮಾತು ಕೊಟ್ಟಿಲ್ಲ. ಅಂದಿನಿಂದ ರಸೀದಿಗೆ ಬೇರೆ ನಂಬರು ಇಟ್ಟೆ.

ಹುಡುಗನ ಜೊತೆ ಮರುದಿನ ಕೂತೆ. ಭಾಷಣ ಮಾಡಲಿಲ್ಲ. ಅವನದೇ ಪ್ರೋಗ್ರಾಮನ್ನು ಎರಡು ಕಿಟಕಿಗಳಲ್ಲಿ ತೆರೆಸಿದೆ. ಒಂದರಲ್ಲಿ ಸಾಲು ಸೇರಿಸಿ ಅಲ್ಲೇ ನಿಲ್ಲಿಸು ಎಂದೆ. ಇನ್ನೊಂದರಲ್ಲಿ ಇನ್ನೊಂದು ಸಾಲು ಸೇರಿಸು. ಈಗ ಮೊದಲನೆಯದನ್ನು ಮುಂದುವರಿಸು. ಅವನು ಪರದೆ ನೋಡಿದ, ಬಲಗೈಯಿಂದ ಗಲ್ಲ ಸವರಿಕೊಂಡ.

"ಮುನ್ನೂರು ಸಲ ಓಡ್ಸಿದ್ದು ಒಬ್ಬನೇ ಓಡ್ಸೀನಿ ಅಲ್ರೀ" ಎಂದ.

"ಹೌದು."

ಆಮೇಲೆ ಅವನಿಗೆ ಲ್ಯಾಬಿನ ಕಥೆಯನ್ನು ಇಲ್ಲಿ ಬರೆದಷ್ಟೇ ಹೇಳಿದೆ. ಆಸ್ಪತ್ರೆಗೆ ಸಂಬಂಧಿಸಿದ ಏನನ್ನೇ ಬರೆದರೂ ನಂಬರಿನ ಜೊತೆ ಹೆಸರೋ ಹುಟ್ಟಿದ ತಾರೀಕೋ ಇನ್ನೊಂದು ಗುರುತು ಇರಲೇಬೇಕು ಎಂದೆ. ರೋಗಿಯನ್ನು ಕನಿಷ್ಠ ಎರಡು ಗುರುತುಗಳಿಂದ ಖಚಿತಪಡಿಸಿಕೊಳ್ಳಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಹೇಳಿದೆ, ನಮ್ಮ ಲ್ಯಾಬಿನವರು ಅದಕ್ಕಿಂತ ನಾಲ್ಕು ವರ್ಷ ಮೊದಲೇ ಕೇಳಿದ್ದರು, ಬೇಡ ಎಂದವನು ನಾನು ಎಂದೂ ಹೇಳಿದೆ. ಅವನು ಎಲ್ಲವನ್ನೂ ಕೇಳಿ, ಭಟ್ರ ಹಾಗೆಯೇ ಒಂದು ಪ್ರಶ್ನೆ ಕೇಳಿದ:

"ಆ ಅಮ್ಮಾರಿಗೆ ಕಡೀಗೆ ಗೊತ್ತಾಯ್ತೇನ್ರೀ ಸರ್?"

ಭಟ್ರು ಈಗ ಇಲ್ಲ. ಅವರು ಇರುವಷ್ಟು ದಿನ, ಗಣಪತಿ ಹಬ್ಬಕ್ಕೆ ಮನೆಗೆ ಹೋದಾಗಲೆಲ್ಲ ಪಂಚಕಜ್ಜಾಯ ಕೈಗೆ ಹಾಕುತ್ತ, ಎಂತ ಮಾಣಿ, ಸಿಕ್ಕಿದ್ರಾ ಎಂದು ಕೇಳುತ್ತಿದ್ದರು. ಅವರಿಗೆ ಹೇಳುತ್ತಿದ್ದದ್ದನ್ನೇ ಹುಡುಗನಿಗೂ ಹೇಳಿದೆ.

"ಇಲ್ಲ, ಸಿಗಲಿಲ್ಲ."

ಅವನು ಲ್ಯಾಪ್‌ಟಾಪ್ ಎತ್ತಿಕೊಂಡು ತನ್ನ ಜಾಗಕ್ಕೆ ಹೋದ. ಅರ್ಧ ಗಂಟೆಯಲ್ಲಿ ತಿದ್ದಿದ ಕೋಡು ಬಂತು. ಸೇರಿಸುವ ವಾಕ್ಯದ ಕೊನೆಯಲ್ಲೇ ನಂಬರನ್ನು ಕೇಳಿದ್ದ. ಜೊತೆಗೆ ನಾನು ಹೇಳದಿದ್ದ ಒಂದು ಕೆಲಸವನ್ನೂ ಮಾಡಿದ್ದ. ಕೆಳಗೆ ಏನೂ ಇಲ್ಲದ ಖಾಲಿ ಸಾಲುಗಳಿದ್ದರೆ ಪ್ರತಿ ರಾತ್ರಿ ಹುಡುಕಿ, ಬೆಳಗ್ಗೆ ನಮಗೆ ಮೇಲ್ ಕಳಿಸುವ ಒಂದು ಸಣ್ಣ ಪ್ರೋಗ್ರಾಮು. ದಿನಾ ಬೆಳಗ್ಗೆ ಥಾಣೆಯ ಲೋಕಲ್‌ನಲ್ಲಿರುವ ಹೊತ್ತಿಗೆ ಅದು ನನ್ನ ಫೋನಿಗೆ ಬರುತ್ತದೆ. ಈವರೆಗೆ ಪ್ರತಿದಿನವೂ ಸೊನ್ನೆ. ಆದರೂ ತೆರೆದು ನೋಡುತ್ತೇನೆ.